ಸೈನಿಕ ತರಬೇತಿಯ ಅಗಲಿಕೆ: ದಂಪತಿಗಳಿಗೆ ಕೆಲವು ಮಾತು



ಯಲಹಂಕ, ಜಾಲಹಳ್ಳಿ, ಹೆಬ್ಬಾಳ, ಆರ್.ಟಿ. ನಗರದ ಕಡೆ ಭಾನುವಾರದ ಬೆಳಗಿನ ಬಲಿಪೂಜೆಗೆ ಹೋಗುವವರಿಗೆಲ್ಲ ಒಂದು ನೋಟ ಪರಿಚಿತ. ದೇವಾಲಯದ ಹಿಂಬದಿಯಲ್ಲಿ, ಬಾಗಿಲಿನ ಪಕ್ಕ, ತಲೆಗೂದಲನ್ನು ತೀರಾ ಗಿಡ್ಡವಾಗಿ ಕತ್ತರಿಸಿಕೊಂಡ ನಾಲ್ಕೈದು ಯುವಕರು ನೆಟ್ಟಗೆ ನಿಂತಿರುತ್ತಾರೆ. ಕನ್ನಡದ ಗೀತೆಗಳು ಅವರಿಗೆ ಬಾರವು, ಆದರೂ ತುಟಿ ಆಡಿಸುತ್ತಾರೆ. ಪೂಜೆ ಮುಗಿದ ಕೂಡಲೇ ಒಬ್ಬರ ಹಿಂದೆ ಒಬ್ಬರು ಹೊರಟುಬಿಡುತ್ತಾರೆ. ಅವರು ಕೇರಳದವರೋ, ಜಾರ್ಖಂಡಿನವರೋ, ಮಿಜೋರಾಮಿನವರೋ ನಾವು ಕೇಳಿರುವುದಿಲ್ಲ. ಅದೇ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿ ಕೂಸನ್ನು ಎತ್ತಿಕೊಂಡು ಕುಳಿತ ನಮ್ಮೂರಿನ ಹೆಣ್ಣುಮಗಳೊಬ್ಬಳ ಗಂಡ ಇನ್ಯಾವುದೋ ರಾಜ್ಯದ ದೇವಾಲಯದ ಹಿಂಬದಿಯಲ್ಲಿ ಹೀಗೆಯೇ ನಿಂತಿರುತ್ತಾನೆ.

ಬೆಂಗಳೂರಿನ ಈ ಉತ್ತರ ಭಾಗಕ್ಕೂ ಸೈನಿಕ ತರಬೇತಿಗೂ ಹಳೆಯ ನಂಟು. ಯಲಹಂಕದಲ್ಲಿ ವಾಯುಪಡೆಯ ನೆಲೆ ಇದೆ, ಗಡಿ ಭದ್ರತಾ ಪಡೆಯ ತರಬೇತಿ ಕೇಂದ್ರವಿದೆ, ಕೇಂದ್ರ ಮೀಸಲು ಪೊಲೀಸ್ ಪಡೆಯ ಗ್ರೂಪ್ ಸೆಂಟರ್ ಇದೆ. ಯಶವಂತಪುರ ದಾಟಿದರೆ ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ಕಾಲೇಜು. ಆರ್.ಟಿ. ನಗರದಿಂದ ಜೆ.ಸಿ. ನಗರದ ಕಡೆಗೆ ಬಂದರೆ ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರ. ದೇಶದ ಎಲ್ಲ ಕಡೆಯ ಮಕ್ಕಳು ಇಲ್ಲಿಗೆ ಬರುತ್ತಾರೆ. ನಮ್ಮ ಮನೆಗಳ ಮಕ್ಕಳು ಬೆಳಗಾವಿಯ ಸಾಂಬ್ರಾಕ್ಕೋ, ಒಡಿಶಾದ ಚಿಲಿಕಾಕ್ಕೋ, ಅದಕ್ಕಿಂತ ದೂರಕ್ಕೋ ಹೋಗುತ್ತಾರೆ. ಯಶವಂತಪುರದ ರೈಲು ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಕಪ್ಪು ಬಣ್ಣದ ಕಬ್ಬಿಣದ ಟ್ರಂಕು ಹಿಡಿದವರು ಯಾರಾದರೂ ಕಣ್ಣಿಗೆ ಬೀಳುತ್ತಾರೆ.

ಈ ಲೇಖನವನ್ನು ಬರೆಯುತ್ತಿರುವ ನಾವು ಗಂಡ ಹೆಂಡತಿ. ನಮ್ಮಲ್ಲಿ ಒಬ್ಬರು ವಾಯುಪಡೆಯಲ್ಲಿ ದುಡಿದು ನಿವೃತ್ತರಾದವರು, ಇನ್ನೊಬ್ಬರು ಅಷ್ಟೂ ವರ್ಷ ಮನೆ ನಡೆಸಿದವರು. ನಮ್ಮ ಧರ್ಮಕೇಂದ್ರದಲ್ಲಿ ಮದುವೆ ಸಿದ್ಧತಾ ಶಿಬಿರ ನಡೆದಾಗ ಫಾದರ್ ನಮ್ಮನ್ನೂ ಕರೆಯುತ್ತಾರೆ. ಸೇನೆಗೆ, ಅರೆಸೇನಾ ಪಡೆಗೆ ಸೇರಿದ ಹುಡುಗರ ಜೋಡಿಗಳು ಬಂದಾಗ ಕೇಳುವ ಪ್ರಶ್ನೆ ಒಂದೇ: "ಇಷ್ಟು ತಿಂಗಳು ಹೇಗೆ ಕಳೆಯುವುದು?" ಪವಿತ್ರ ಕುಟುಂಬದ ಹಬ್ಬದ ಸಂಚಿಕೆಗೆ ಇದನ್ನೇ ಬರೆದುಕೊಡಿ ಎಂದು ಫಾದರ್ ಹೇಳಿದ್ದರಿಂದ ನಮಗೆ ತಿಳಿದಷ್ಟನ್ನು ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. "ಟ್ರೈನಿಂಗ್ ತಾನೇ, ಯುದ್ಧಕ್ಕೇನೂ ಹೋಗಿಲ್ಲವಲ್ಲ" ಎಂದು ಹೇಳುವವರು ನಮ್ಮ ನಡುವೆ ಬಹಳ. ಸಮಾಧಾನಕ್ಕೆಂದೇ ಹೇಳುತ್ತಾರೆ, ಆದರೆ ಆ ಮಾತು ಹೆಂಡತಿಯ ಬಾಯಿ ಕಟ್ಟಿಬಿಡುತ್ತದೆ. ಅಪಾಯವಿಲ್ಲದ ಕಡೆ ಇರುವ ಗಂಡನನ್ನು ನೆನೆದು ಅಳುವುದು ತಪ್ಪೇನೋ ಎಂದು ಆಕೆ ಒಳಗೊಳಗೇ ನುಂಗಿಕೊಳ್ಳುತ್ತಾಳೆ. ಅಗಲಿಕೆಯ ನೋವಿಗೆ ಅಪಾಯ ಇರಲೇಬೇಕೆಂದೇನಿಲ್ಲ. ದಿನವೂ ಪಕ್ಕದಲ್ಲಿ ಉಣ್ಣುತ್ತಿದ್ದವರು ಇಲ್ಲವೆಂಬುದೇ ಸಾಕು.

ಇದು ಇಂದಿನ ಸಮಸ್ಯೆಯೂ ಅಲ್ಲ. ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ, 5ನೇ ವಚನವನ್ನು ತೆರೆದು ನೋಡಿ. ಹೊಸದಾಗಿ ಮದುವೆಯಾದವನನ್ನು ಒಂದು ವರ್ಷ ಸೈನ್ಯಕ್ಕೆ ಕಳುಹಿಸಬಾರದು, ಆತ ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಎಂಬ ಅರ್ಥದ ಕಟ್ಟಳೆ ಅಲ್ಲಿದೆ. ಸಂತ ಪೌಲರೂ ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯದಲ್ಲಿ, ದಂಪತಿಗಳು ಪ್ರಾರ್ಥನೆಗಾಗಿ ಒಬ್ಬರನ್ನೊಬ್ಬರು ಬಿಟ್ಟಿರುವುದಾದರೆ ಇಬ್ಬರ ಒಪ್ಪಿಗೆಯಿರಬೇಕು, ಅದಕ್ಕೊಂದು ಅವಧಿಯಿರಬೇಕು ಎಂದು ಹೇಳುತ್ತಾರೆ. ಪೌಲರು ಸೈನಿಕರನ್ನು ಕುರಿತು ಹೇಳಿದ್ದಲ್ಲ ನಿಜ. ಆದರೆ ಒಪ್ಪಿಗೆ, ಅವಧಿ ಈ ಎರಡೂ ನಮ್ಮ ವಿಷಯಕ್ಕೆ ಚೆನ್ನಾಗಿ ಹೊಂದುತ್ತವೆ. ಎಷ್ಟೋ ಮನೆಗಳಲ್ಲಿ ಕಾಲ್ ಲೆಟರ್ ಬಂದ ದಿನ ಊರಿಗೆಲ್ಲ ಸಿಹಿ ಹಂಚುತ್ತಾರೆ, ಹೆಂಡತಿಯನ್ನೋ ಮದುವೆ ಗೊತ್ತಾದ ಹುಡುಗಿಯನ್ನೋ ಮಾತ್ರ ಯಾರೂ ಕೇಳುವುದಿಲ್ಲ.

ಗೊತ್ತಾದ ಹುಡುಗಿ ಎಂದೆವು. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಲ್ಲಿ ಅಗ್ನಿವೀರರಾಗಿ ಸೇರುವವರು ಅವಿವಾಹಿತರೇ ಆಗಿರಬೇಕು. ಆದ್ದರಿಂದ ಅಲ್ಲಿ ಕಾಯುವವಳು ಹೆಂಡತಿಯಲ್ಲ, ನಿಶ್ಚಿತಾರ್ಥವಾದ ಅಥವಾ ಮಾತುಕತೆ ನಡೆದ ಹುಡುಗಿ. ಗಡಿ ಭದ್ರತಾ ಪಡೆ, ಮೀಸಲು ಪೊಲೀಸ್ ಪಡೆಗಳಿಗೆ ವಿವಾಹಿತರೂ ಸೇರುತ್ತಾರೆ. ಇನ್ನು ಸೇವೆಯಲ್ಲಿ ಇರುವವರೇ ಬಡ್ತಿಗಾಗಿ, ಹೊಸ ವಿಮಾನಕ್ಕಾಗಿ, ಹೊಸ ಯಂತ್ರಕ್ಕಾಗಿ ಕೋರ್ಸುಗಳಿಗೆ ಹೋಗುತ್ತಲೇ ಇರುತ್ತಾರೆ. ಹೋಗುವವರು ಗಂಡಸರೇ ಎಂಬ ಕಾಲವೂ ಹೋಯಿತು. ಭೂಸೇನೆಯ ಮಿಲಿಟರಿ ಪೊಲೀಸ್ ದಳದ ಮೊದಲ ಮಹಿಳಾ ಸೈನಿಕರು 61 ವಾರಗಳ ತರಬೇತಿ ಮುಗಿಸಿ 2021ರ ಮೇ ತಿಂಗಳಲ್ಲಿ ಹೊರಬಂದದ್ದು ನಮ್ಮ ಬೆಂಗಳೂರಿನ ಕೇಂದ್ರದಿಂದಲೇ. ಹೆಣ್ಣು ತರಬೇತಿಗೆ ಹೋಗಿ ಗಂಡು ಕಾಯುವ ಜೋಡಿಗಳೂ ಇನ್ನು ನಮ್ಮ ಶಿಬಿರಗಳಿಗೆ ಬರುತ್ತಾರೆ.

ಅಗಲಿಕೆಗೆ ಒಂದು ನಡೆ ಇದೆ ಎಂಬುದು ನಮಗೆ ತಿಳಿದದ್ದು ತುಂಬ ತಡವಾಗಿ. ಅಮೆರಿಕದಲ್ಲಿ ಕ್ಯಾತ್ಲೀನ್ ವೆಸ್ಟಲ್ ಲೋಗನ್ ಎಂಬ ಮಹಿಳೆ, ನೌಕಾಪಡೆಯ ಹಡಗುಗಳಲ್ಲಿ ತಿಂಗಳುಗಟ್ಟಲೆ ಹೋಗುವವರ ಹೆಂಡತಿಯರನ್ನು ಹತ್ತಿರದಿಂದ ಕಂಡು, 1987ರಲ್ಲಿ ಒಂದು ಲೇಖನ ಬರೆದರು. ಅಗಲಿಕೆಯಲ್ಲಿ ಏಳು ಘಟ್ಟಗಳಿವೆ ಎಂದು ಅವರು ಗುರುತಿಸಿದರು. ಗಂಡ ಹೊರಡುವುದಕ್ಕೆ ಮುಂಚೆಯೇ ಅಗಲಿಕೆಯ ದುಃಖ ಶುರುವಾಗುತ್ತದೆ. ಹೊರಡುವ ದಿನ ಹತ್ತಿರವಾದಂತೆ ಇಬ್ಬರೂ ಒಬ್ಬರಿಂದೊಬ್ಬರು ಸರಿದುಕೊಳ್ಳುತ್ತಾರೆ. ಹೋದ ಮೇಲೆ ಕೆಲವು ವಾರ ಎಲ್ಲವೂ ಚೆಲ್ಲಾಪಿಲ್ಲಿ. ಬಳಿಕ ಮನೆ ಒಂದು ಹದಕ್ಕೆ ಬರುತ್ತದೆ. ಮರಳುವ ದಿನ ಹತ್ತಿರ ಬಂದಂತೆ ಸಂಭ್ರಮವೂ ಗಾಬರಿಯೂ ಒಟ್ಟಿಗೇ. ಬಂದ ಮೇಲೆ ಮನೆಯಲ್ಲಿ ಯಾರ ಮಾತು ಎಲ್ಲಿಯವರೆಗೆ ಎಂಬುದು ಮತ್ತೆ ತೀರ್ಮಾನವಾಗಬೇಕು. ಕೊನೆಗೆ ಇಬ್ಬರೂ ಒಂದಾಗುತ್ತಾರೆ. ಎಲ್ಲರಿಗೂ ಈ ಕ್ರಮದಲ್ಲೇ ಆಗಬೇಕೆಂದಿಲ್ಲ. ಆದರೆ ಇದನ್ನು ಓದಿದ ದಿನ ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಏಕೆಂದರೆ ನಮ್ಮ ಜಗಳಗಳೆಲ್ಲ ಅದರಲ್ಲಿದ್ದವು.

1989ರಲ್ಲಿ ನಮಗೆ ಹನ್ನೊಂದು ತಿಂಗಳ ಕೋರ್ಸಿನ ಅಗಲಿಕೆ ಬಂತು. ಆಗ ಮತ್ತಿಕೆರೆಯಲ್ಲಿ ಬಾಡಿಗೆ ಮನೆ, ಒಂದು ವರ್ಷದ ಮಗಳು. ಹೊರಡುವ ಹಿಂದಿನ ವಾರವೆಲ್ಲ ಜಗಳ. ನೀರಿನ ಡ್ರಮ್ಮಿನ ನಲ್ಲಿ ಸೋರುತ್ತಿತ್ತು, ಅದನ್ನು ಸರಿ ಮಾಡಿಸಿ ಹೋಗಿ ಎಂದು ಒಬ್ಬರು, ಹೋಗುವ ಮುಂಚೆ ನಾಲ್ಕು ದಿನ ನೆಮ್ಮದಿ ಕೊಡು ಎಂದು ಇನ್ನೊಬ್ಬರು. ಹೊರಡುವ ಸಂಜೆಯೂ ಮಾತು ಬಿಟ್ಟು ಕುಳಿತಿದ್ದೆವು. ಸಿಟಿ ಸ್ಟೇಷನ್ನಿನಲ್ಲಿ ರೈಲು ಕದಲಿದಾಗ ಕೈ ಬೀಸಿದ್ದೂ ಸರಿಯಾಗಿ ಅಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಉಂಡ ಮೇಲೆ ಒಬ್ಬರು ರೈಲು ಹತ್ತಿದರೆ ಆ ಜಗಳ ಮಲಗುವುದು ಯಾವಾಗ? ನಮ್ಮದು ಮೂರು ಇನ್‌ಲ್ಯಾಂಡ್ ಲೆಟರುಗಳ ತನಕ ಎದ್ದೇ ಇತ್ತು.

ಜಗಳ ನಲ್ಲಿಯದಾಗಿರಲಿಲ್ಲ ಎಂದು ಈಗ ತಿಳಿಯುತ್ತದೆ. ಬಿಟ್ಟು ಹೋಗುವುದು ಕಷ್ಟ, ಸಿಟ್ಟಿನಲ್ಲಿ ಬಿಟ್ಟು ಹೋಗುವುದು ಸ್ವಲ್ಪ ಸುಲಭ. ಮನಸ್ಸು ತನಗೆ ತಿಳಿಯದೆಯೇ ಆ ಸುಲಭದ ದಾರಿ ಹುಡುಕುತ್ತದೆ. ಆದ್ದರಿಂದ ಹೊರಡುವ ಮುಂಚಿನ ವಾರ ಸಿಡುಕು ಹೆಚ್ಚಾದರೆ ಪ್ರೀತಿ ಕಡಿಮೆಯಾಯಿತೆಂದು ಹೆದರಬೇಡಿ. "ಹೊರಡುವ ಹೊತ್ತಿಗೆ ಹೀಗಾಗುತ್ತದಂತೆ" ಎಂದು ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಹೇಳಿದರೂ ಅರ್ಧ ಭಾರ ಇಳಿಯುತ್ತದೆ.

ಇನ್ನು ಫೋನಿನ ವಿಷಯ. ಈಗ ವಿಡಿಯೋ ಕಾಲ್ ಇದೆ, ನಿಮಗೇನು ಕಷ್ಟ ಎಂದು ನಮ್ಮ ತಲೆಮಾರಿನವರು ಕೇಳುವುದುಂಟು. ವಿಚಾರಿಸಿದರೆ ಬೇರೆಯೇ ಕಥೆ. ಮೂಲ ತರಬೇತಿಯಲ್ಲಿ ಹಲವು ಕಡೆ ಮೊಬೈಲನ್ನು ತೆಗೆದಿಟ್ಟುಕೊಳ್ಳುತ್ತಾರೆ, ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಕೊಡುತ್ತಾರೆ. ಭಾನುವಾರ ಹತ್ತು ನಿಮಿಷ ಸಿಕ್ಕಿತೆನ್ನಿ. ಆ ಹತ್ತು ನಿಮಿಷ ಯಾರಿಗೆ? ತಾಯಿಗೋ, ಹೆಂಡತಿಗೋ? ನಮ್ಮ ಮನೆಗಳಲ್ಲಿ ಕಣ್ಣೀರು ಹರಿಯುವುದು ಹೆಚ್ಚಾಗಿ ಇಲ್ಲಿಯೇ. ಅತ್ತೆಯ ಫೋನಿಗೆ ಕರೆ ಬಂದು ಸೊಸೆಗೆ "ಹೂಂ, ಆರಾಮಾಗಿದ್ದೀನಿ" ಎನ್ನುವಷ್ಟೇ ಸಮಯ ಉಳಿದರೆ ಆಕೆ ಇಡೀ ವಾರ ಆ ಒಂದು ಮಾತಿನಲ್ಲಿ ದಿನ ದೂಡಬೇಕು. ಅತ್ತ ಹೆಂಡತಿಗೇ ಕರೆ ಮಾಡಿದರೆ, ಒಂಬತ್ತು ತಿಂಗಳು ಹೊತ್ತು ಹೆತ್ತವಳು ಕಾಯುತ್ತ ಕೂತಿರುತ್ತಾಳೆ. ಒಂದು ವಾರ ಅಮ್ಮನಿಗೆ, ಒಂದು ವಾರ ಹೆಂಡತಿಗೆ ಎಂದು ಹೊರಡುವ ಮುಂಚೆಯೇ, ಇಬ್ಬರೂ ಕೂತಿರುವಾಗಲೇ ಮಗ ಹೇಳಿ ಹೋಗಲಿ. ಹೇಳಬೇಕಾದವನು ಅವನೇ. ಸೊಸೆ ಹೇಳಿದರೆ ಜಗಳವಾಗುತ್ತದೆ, ಅತ್ತೆಯೇ ಹೇಳಿದರೆ ಅದು ದೊಡ್ಡತನ, ಆದರೆ ಎಲ್ಲರಿಂದ ಅದನ್ನು ನಿರೀಕ್ಷಿಸಲಾಗದು.

ಕರೆ ಬರದ ಭಾನುವಾರಗಳೂ ಇರುತ್ತವೆ. ಯಾರೋ ಒಬ್ಬ ತಪ್ಪು ಮಾಡಿದನೆಂದು ಇಡೀ ಪ್ಲಟೂನಿಗೆ ಫೋನ್ ಸಿಗದಿರಬಹುದು, ಇವನೇ ಬಳಲಿ ಮಲಗಿಬಿಟ್ಟಿರಬಹುದು. ಆ ದಿನ ಮನಸ್ಸು ಹೆಣೆಯುವ ಕಥೆಗಳನ್ನು ನಂಬಬೇಡಿ. ಸಾಧ್ಯವಾದರೆ ಕಾಗದ ಬರೆಯಿರಿ. ಹಳೆಯ ಕಾಲದವರ ಹಟವೆಂದು ನಗಬೇಡಿ, ಫೋನನ್ನು ಕಿತ್ತುಕೊಳ್ಳುವ ಕಡೆಯೂ ಕಾಗದ ಒಳಗೆ ಹೋಗುತ್ತದೆ. ಅದನ್ನು ಹತ್ತು ಸಲ ಓದಬಹುದು, ದಿಂಬಿನ ಕೆಳಗೆ ಇಟ್ಟುಕೊಳ್ಳಬಹುದು.

ಕಾಗದವೆಂದಾಗ ಜಾಲಹಳ್ಳಿಯ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇರಿಸಿದ್ದರು. ಅವರು ಬದುಕಿದ್ದಾರೋ ಇಲ್ಲವೋ ಎಂಬುದೂ ಊರಿನಲ್ಲಿದ್ದ ಹೆಂಡತಿಯರಿಗೆ ತಿಳಿಯದಿದ್ದ ದಿನಗಳಿದ್ದವು. ಅಂಥ ಕುಟುಂಬಗಳಿಗಾಗಿಯೇ ಜಗದ್ಗುರು ಹನ್ನೆರಡನೇ ಪಯಸ್ಸರು 1939ರಲ್ಲಿ ವ್ಯಾಟಿಕನ್ನಿನಲ್ಲಿ ಒಂದು ಮಾಹಿತಿ ಕಚೇರಿಯನ್ನು ತೆರೆದರು. 1947ರವರೆಗೆ ನಡೆದ ಆ ಕಚೇರಿ ಕೈದಿಗಳನ್ನೂ ಕಾಣೆಯಾದವರನ್ನೂ ಕುರಿತು ಬಂದ ವಿಚಾರಣೆಗಳಿಗೆ ಉತ್ತರ ಹುಡುಕುತ್ತಿತ್ತು, ವ್ಯಾಟಿಕನ್ ರೇಡಿಯೋ ಅವರ ಸಂದೇಶಗಳನ್ನು ಬಿತ್ತರಿಸುತ್ತಿತ್ತು. ಮುಂದೆ ಆರನೇ ಪೌಲ್ ಎಂಬ ಹೆಸರಿನಲ್ಲಿ ಜಗದ್ಗುರುವಾದ ಮೊಂತೀನಿಯವರು ಅದರ ಹೊಣೆ ಹೊತ್ತಿದ್ದವರಲ್ಲಿ ಒಬ್ಬರು. ದೂರದಲ್ಲಿರುವವನ ಒಂದು ಸಾಲಿನ ಸುದ್ದಿ ಮನೆಗೆ ಎಷ್ಟು ಮುಖ್ಯವೆಂದು ಧರ್ಮಸಭೆಗೆ ಆಗಲೇ ಗೊತ್ತಿತ್ತು.

ಕೆಟ್ಟ ಸುದ್ದಿಯನ್ನು ತಿಳಿಸಬೇಕೋ ಬೇಡವೋ? ಮಗುವಿಗೆ ಜ್ವರ ಬಂದಿದೆ, ಮಾವನಿಗೆ ಆಸ್ಪತ್ರೆಯಾಗಿದೆ, "ಅವನಿಗೆ ಹೇಳಬೇಡ, ಅಲ್ಲಿ ಮನಸ್ಸು ಕೆಡಿಸಿಕೊಳ್ಳುತ್ತಾನೆ" ಎಂದು ಹಿರಿಯರು ಹೇಳುತ್ತಾರೆ. ನಮ್ಮಿಬ್ಬರಲ್ಲಿ ಇದರ ಬಗ್ಗೆ ಈಗಲೂ ಪೂರ್ತಿ ಒಮ್ಮತವಿಲ್ಲ. ಮುಚ್ಚಿಟ್ಟದ್ದು ಬೇರೆಯವರ ಬಾಯಿಂದ ತಿಳಿದರೆ ಮುಂದೆ ಹೆಂಡತಿ "ಎಲ್ಲ ಚೆನ್ನಾಗಿದೆ" ಎಂದಾಗಲೂ ನಂಬಿಕೆ ಬರುವುದಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ. ಹೇಳುವಾಗ ಏನು ಮಾಡಿದ್ದೇವೆ ಎಂಬುದನ್ನೂ ಸೇರಿಸಿ ಹೇಳಿ. "ಜ್ವರ ಬಂದಿತ್ತು, ಡಾಕ್ಟರಿಗೆ ತೋರಿಸಿದೆ, ಔಷಧಿ ಕೊಡುತ್ತಿದ್ದೇನೆ, ನಿನ್ನೆ ಗಂಜಿ ಕುಡಿದಳು" ಎಂದರೆ ಕೇಳಿದವನಿಗೆ ನಿದ್ರೆ ಬರುತ್ತದೆ. ಬರಿಯ "ಜ್ವರ" ಎಂದರೆ ಬಾರದು.

ಕಾಗದಪತ್ರಗಳನ್ನು ಟ್ರಂಕು ಕಟ್ಟುವ ಮುಂಚೆಯೇ ಸರಿ ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಜಂಟಿ ಖಾತೆ ಇರಲಿ. ಮನೆ ಖರ್ಚಿಗೆ ಹೆಂಡತಿ ಮಾವನ ಮುಂದೆಯೋ ಮೈದುನನ ಮುಂದೆಯೋ ಕೈ ಚಾಚುವಂತೆ ಮಾಡಬೇಡಿ, ಇದು ನಮ್ಮ ಖಂಡಿತವಾದ ಅಭಿಪ್ರಾಯ. ಆತನ ಸರ್ವಿಸ್ ನಂಬರು, ತರಬೇತಿ ಕೇಂದ್ರದ ಪೂರ್ತಿ ವಿಳಾಸ, ಅಲ್ಲಿನ ಕಚೇರಿಯ ಫೋನ್ ನಂಬರು ಇವುಗಳನ್ನು ಮನೆಯ ಗೋಡೆ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಹಿಂದೆ ಮನೆಯಲ್ಲಿ ಏನಾದರೂ ಆದರೆ ಟೆಲಿಗ್ರಾಂ ಕೊಡುತ್ತಿದ್ದೆವು, 2013ರ ಜುಲೈನಲ್ಲಿ ಅದೂ ನಿಂತುಹೋಯಿತು. ಈಗ ಆತನ ಮೊಬೈಲ್ ಸ್ವಿಚ್ ಆಫ್ ಇದ್ದರೆ ಮುಂದೇನು ಎಂದು ತಿಳಿಯದ ಹೆಂಡತಿಯರನ್ನು ಕಂಡಿದ್ದೇವೆ. ಮದುವೆಯಾದ ಮೇಲೆ ಹೆಂಡತಿಯ ಹೆಸರು, ಮಗು ಹುಟ್ಟಿದ ಮೇಲೆ ಮಗುವಿನ ಹೆಸರು ಸೇವಾ ದಾಖಲೆಯಲ್ಲಿ ಸೇರಬೇಕು. ಭೂಸೇನೆಯಲ್ಲಿ ಇದನ್ನು ಪಾರ್ಟ್ ಟು ಆರ್ಡರ್ ಎನ್ನುತ್ತಾರೆ. ಚರ್ಚಿನ ಮದುವೆ ಸರ್ಟಿಫಿಕೇಟು ಕಪಾಟಿನಲ್ಲಿದ್ದರೆ ಸಾಲದು, ಅದರ ಪ್ರತಿ ಅವರ ಕಚೇರಿಗೆ ತಲುಪಬೇಕು. ಜ್ಞಾನಸ್ನಾನದ ಪತ್ರ ಇದೆಯಲ್ಲ ಎಂದು ಜನನ ಪ್ರಮಾಣಪತ್ರ ಮಾಡಿಸದೆ ಬಿಡಬೇಡಿ.

ಮೊದಲ ಕೆಲವು ವಾರ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ಒಬ್ಬಳಿಗೇ ಏನು ಅಡುಗೆ ಎಂದು ಮೊಸರನ್ನ ಉಂಡು ಮಲಗುವುದು ಎಲ್ಲರಿಗೂ ಆಗುತ್ತದೆ. ವಾರಗಳು ಕಳೆದರೂ ಅದು ಹಾಗೆಯೇ ಇದ್ದರೆ, ಬದುಕೇ ಬೇಡವೆನಿಸಿದರೆ, ಪ್ರಾರ್ಥನೆ ಮಾಡಿದರೆ ಸರಿಹೋಗುತ್ತದೆಂದು ಕೂರಬೇಡಿ. ಪ್ರಾರ್ಥನೆಯನ್ನೂ ಮಾಡಿ, ಸಹಾಯವನ್ನೂ ಕೇಳಿ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಇದರ ಕೆಲಸದಲ್ಲಿ ನಮ್ಮ ನಿಮ್ಹಾನ್ಸ್ ಮುಂದಿದೆ. ಸೈನಿಕರಿಗಾಗಿ, ಅವರ ಕುಟುಂಬಗಳಿಗಾಗಿ ಇದರದೇ ಒಂದು ಘಟಕ 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ತೆರೆಯಿತು.

ಇನ್ನೊಂದು ವಿಚಿತ್ರ ಸಂಕಟವಿದೆ, ಅದನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಎರಡು ಮೂರು ತಿಂಗಳಾದ ಮೇಲೆ ಮನೆ ಸಲೀಸಾಗಿ ನಡೆಯತೊಡಗುತ್ತದೆ. ಗ್ಯಾಸ್ ಬುಕ್ ಮಾಡುವುದು, ಬಿಲ್ ಕಟ್ಟುವುದು, ಮಗುವನ್ನು ಚುಚ್ಚುಮದ್ದಿಗೆ ಒಯ್ಯುವುದು ಎಲ್ಲ ಬರುತ್ತದೆ. ಒಂದು ದಿನ ನಕ್ಕಾಗ ಹೆಂಡತಿಗೆ ಅಳುಕಾಗುತ್ತದೆ: ಅವರು ಇಲ್ಲದೆಯೂ ನಾನು ಚೆನ್ನಾಗಿದ್ದೇನಲ್ಲ? ಸೆಪ್ಟೆಂಬರ್ 8ರ ಮರಿಯಮ್ಮನ ಹಬ್ಬಕ್ಕೆ ಶಿವಾಜಿನಗರಕ್ಕೆ ಹೊಸ ಸೀರೆ ಉಟ್ಟು ಹೋದರೆ, "ಗಂಡ ಊರಲ್ಲಿಲ್ಲ, ಎಷ್ಟು ಅಲಂಕಾರ ನೋಡಿ" ಎನ್ನುವ ಬಾಯಿಗಳೂ ನಮ್ಮಲ್ಲಿ ಇವೆ, ದೇವಾಲಯದ ಅಂಗಳದಲ್ಲೇ ಇವೆ. ಆಕೆ ಮುಖ ಬಾಡಿಸಿಕೊಂಡು ಕೂತರೆ ದೂರದಲ್ಲಿರುವವನ ಡ್ರಿಲ್ಲು ಹಗುರವಾಗುತ್ತದೆಯೇ?

ಈಗ ಮರಳಿ ಬರುವ ವಿಷಯ. ಹನ್ನೊಂದು ತಿಂಗಳು ಕಳೆದು ಗಂಡ ಮನೆಗೆ ಬಂದ ದಿನ ನಮ್ಮ ಮಗಳು ಅಮ್ಮನ ಸೆರಗಿನ ಹಿಂದೆ ಅಡಗಿಕೊಂಡು "ಅಂಕಲ್" ಎಂದಳು. ಎಲ್ಲರೂ ನಕ್ಕರು. ಅಪ್ಪನಾದವರು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಅವಳನ್ನು ಬಲವಂತವಾಗಿ ಎತ್ತಿಕೊಂಡಷ್ಟೂ ಅತ್ತಳು. ಕೊನೆಗೆ ಸುಮ್ಮನೆ ನೆಲದ ಮೇಲೆ ಕೂತು ಅವಳ ಆಟದ ಪಾತ್ರೆಗಳನ್ನು ಜೋಡಿಸತೊಡಗಿದಾಗ ನಾಲ್ಕನೇ ದಿನ ಅವಳೇ ಬಂದು ಒಂದು ಲೋಟ ಕೊಟ್ಟಳು.

ದೊಡ್ಡವರ ಜಗಳಕ್ಕೆ ಅಷ್ಟು ಬೇಗ ಮುಕ್ತಾಯವಿರಲಿಲ್ಲ. ಎರಡನೇ ವಾರ ಬೀರುವಿನ ಬೀಗದ ಕೈ ಕಾಣಿಸಲಿಲ್ಲ. ಹುಡುಕಿದರೆ ಅದು ಗಂಡನ ಪ್ಯಾಂಟಿನ ಜೇಬಿನಲ್ಲಿತ್ತು.

"ರೀ, ಕೀ ಯಾಕೆ ತೆಗೆದುಕೊಂಡಿರಿ?"

"ನಾನು ಬಂದೆನಲ್ಲ, ಇನ್ನು ನಿನಗೆ ಯಾಕೆ ತೊಂದರೆ ಎಂದು."

ತೊಂದರೆ ತಪ್ಪಿಸಲೆಂದೇ ತೆಗೆದುಕೊಂಡದ್ದು, ಅದು ಸುಳ್ಳಲ್ಲ. ಆದರೆ ಹನ್ನೊಂದು ತಿಂಗಳು ಬಾಡಿಗೆ ಕಟ್ಟಿ, ಮಗುವನ್ನು ಸಾಕಿ, ನಲ್ಲಿಯನ್ನೂ ಸರಿ ಮಾಡಿಸಿ ಮನೆ ನಡೆಸಿದವಳಿಗೆ, ಕೆಲಸದಿಂದ ತೆಗೆದುಹಾಕಿದಂತೆ ಆಯಿತು. ಗಂಡನಿಗೂ ಅವರದೇ ನೋವು. ಪಾತ್ರೆಯ ಜಾಗ ಬದಲಾಗಿದೆ, ಹಾಲಿನವನು ಬದಲಾಗಿದ್ದಾನೆ, ತನ್ನನ್ನು ಕೇಳದೆಯೇ ಎಲ್ಲ ನಡೆಯುತ್ತಿದೆ, ಹಾಗಾದರೆ ನಾನು ಯಾರಿಗೆ ಬೇಕು? ಬ್ಯಾರಕ್ಕಿನಲ್ಲಿ ಇಷ್ಟು ದಿನ ಕನಸಿನಲ್ಲಿ ಕಂಡ ಮನೆ ಇದಲ್ಲ. ಇವೆರಡು ನೋವುಗಳೂ ಒಂದೇ ಮನೆಯಲ್ಲಿ, ಒಂದೇ ವಾರದಲ್ಲಿ ಎದುರಾಗುತ್ತವೆ. ಮನೆಯವರೆಲ್ಲ "ಬಂದನಲ್ಲ, ಇನ್ನೇನು" ಎಂದು ನಿಶ್ಚಿಂತರಾಗಿರುವಾಗಲೇ ಅನೇಕ ದಂಪತಿಗಳು ಒಳಗೆ ಬಿರುಕು ಬಿಡುತ್ತಾರೆ. ಅಗಲಿಕೆಯ ಕಾಲಕ್ಕಿಂತ ಮರಳಿ ಕೂಡುವ ಕಾಲವೇ ಹೆಚ್ಚು ಕಷ್ಟ ಎಂದು ನಾವು ಶಿಬಿರದಲ್ಲಿ ಒತ್ತಿ ಹೇಳುವುದು ಇದಕ್ಕೇ. ಬಂದವರು ಮೊದಲ ಕೆಲವು ವಾರ ಅತಿಥಿಯಂತಲ್ಲದಿದ್ದರೂ ಹೊಸಬರಂತೆ ಇರಲಿ: ಈಗ ಇಲ್ಲಿ ಏನು ಹೇಗೆ ನಡೆಯುತ್ತದೆ ಎಂದು ಕೇಳಲಿ. ಮನೆಯಲ್ಲಿದ್ದವರು ಒಂದೆರಡು ಕೆಲಸಗಳನ್ನು ತಾವಾಗಿಯೇ ಅವರ ಕೈಗೆ ಬಿಡಲಿ, ಅವರು ತಪ್ಪು ಅಳತೆಯ ಅಕ್ಕಿ ತಂದರೂ ಸುಮ್ಮನಿರಲಿ. ಹಬ್ಬದ ಊಟಕ್ಕೆ ನೆಂಟರನ್ನು ಕರೆಯುವುದು ಮೊದಲ ವಾರವೇ ಬೇಡ.

ನಮ್ಮ ಬೀಗದ ಕೈಯನ್ನು ಫಾದರ್ ಒಬ್ಬರು ಮಾತಿಗೆ ಮಾತು ಬಂದಾಗ ಇತ್ಯರ್ಥ ಮಾಡಿದರು. ಗೋಡೆಗೆ ಒಂದು ಮೊಳೆ ಹೊಡೆಯಿರಿ ಎಂದರು. ಮೂರು ಮನೆ ಬದಲಾಯಿಸಿದ್ದೇವೆ, ಕೈ ಈಗಲೂ ಮೊಳೆಯಲ್ಲೇ ತೂಗುತ್ತದೆ.

ಹಿಂಬದಿಯಲ್ಲಿ ನಿಲ್ಲುವ ಹುಡುಗರ ಮಾತಿಗೆ ಬರೋಣ. ಕಳೆದ ಸಲ ಪವಿತ್ರ ಕುಟುಂಬದ ಹಬ್ಬದ ಭಾನುವಾರ, ಪೂಜೆ ಮುಗಿದ ಮೇಲೆ ಅವರಲ್ಲಿ ಇಬ್ಬರನ್ನು ತಡೆದು, ಹೊತ್ತು ಇದ್ದರೆ ಊಟಕ್ಕೆ ಬನ್ನಿ ಎಂದೆವು. ಔಟ್ ಪಾಸಿನ ಸಮಯ ನೋಡಿಕೊಂಡು ಒಪ್ಪಿದರು. ಇಬ್ಬರೂ ಜಾರ್ಖಂಡಿನವರು, ಒಬ್ಬನಿಗೆ ಮದುವೆಯಾಗಿ ಒಂದು ವರ್ಷ. ನಮ್ಮ ಹರುಕು ಮುರುಕು ಹಿಂದಿಯಲ್ಲಿ ಮಾತು ನಡೆಯಿತು. ಎಲೆಯ ಮುಂದೆ ಕೂತ ಮೇಲೆ ಅವನು ಸಂಕೋಚದಿಂದ ಫೋನ್ ತೆಗೆದು, ಒಂದು ಸಲ ಮನೆಗೆ ಮಾಡಲೇ ಎಂದು ಕೇಳಿದ. ಮಾಡು ಮಗನೇ ಎಂದೆವು. ಆ ಕಡೆಯಿಂದ ಹುಡುಗಿಯೊಬ್ಬಳ ದನಿ ಅವರ ಭಾಷೆಯಲ್ಲಿ ಏನೋ ಕೇಳಿತು. ಅವನು ನಗುತ್ತಾ ಫೋನನ್ನು ತಗ್ಗಿಸಿ, ಎಲೆಯ ಮೇಲಿದ್ದ ಅನ್ನ, ಕೋಳಿ ಸಾರು, ಹಪ್ಪಳ ಒಂದೊಂದನ್ನೇ ಅವಳಿಗೆ ತೋರಿಸಿದ. ಆಮೇಲೆ ಫೋನನ್ನು ನಮ್ಮ ಕಡೆ ತಿರುಗಿಸಿದ. ಅವಳು ಕೈ ಮುಗಿದಳು. ನಾವು ಅವನ ಎಲೆಗೆ ಇನ್ನಷ್ಟು ಬಡಿಸಿ ಅವಳಿಗೆ ತೋರಿಸಿದೆವು.